ಬಿಸಿಲಿನ ಶಾಖವನ್ನು ರಾತ್ರಿಗೆ ಎತ್ತಿಟ್ಟರೆ ಕಲ್ಲಿದ್ದಲು ಬೇಡವಾಗುತ್ತಾ?

ಪ್ರಶ್ನೆ: ವರ್ಷದ ಬಹುಪಾಲು ಸುಡುಬಿಸಿಲು ಬೀಳುವ ದೇಶಗಳು ಕೂಡ ಇನ್ನೂ ಕಲ್ಲಿದ್ದಲು, ಅನಿಲ ಸುಟ್ಟೇ ವಿದ್ಯುತ್ ಮಾಡುತ್ತಿವೆ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಶಾಖದಿಂದ ಹಬೆ ಮಾಡಿ ಟರ್ಬೈನ್ ತಿರುಗಿಸುವ ವಿದ್ಯೆ ನಲವತ್ತು ವರ್ಷದಿಂದ ಇದೆ ಎಂದು ಓದಿದೆ. ಹಾಗಾದರೆ ಅದು ಯಾಕೆ ಕಲ್ಲಿದ್ದಲಿನ ಜಾಗಕ್ಕೆ ಬಂದಿಲ್ಲ? ಸೋಲಾರ್ ಪ್ಯಾನೆಲ್ ಇಷ್ಟು ಅಗ್ಗವಾದ ಮೇಲೆ ಅದರ ಅಗತ್ಯವಾದರೂ ಇದೆಯಾ? ಇನ್ನೊಂದು ಸಂಶಯ: ಶಾಖ ಕೂಡಿಡಲು ಬಳಸುವ ಕರಗಿದ ಉಪ್ಪು ಸೋರಿದರೆ ಅಪಾಯವಲ್ಲವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹಗಲಿನ ವಿದ್ಯುತ್ತಿಗೆ ನೀವು ಹೇಳುವ ಕನ್ನಡಿಯ ಸ್ಥಾವರ, ಅಂದರೆ ಸೌರ ಶಾಖ ಸ್ಥಾವರ, ಬೇಕಿಲ್ಲ. ಆ ಕೆಲಸವನ್ನು ಪ್ಯಾನೆಲ್‌ಗಳು ಗೆದ್ದಾಗಿದೆ. ಆದರೆ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಲು ಬಿಡದೆ ಹಿಡಿದಿಟ್ಟಿರುವುದು ಹಗಲಲ್ಲ, ರಾತ್ರಿ. ಹೊತ್ತು ಮುಳುಗಿದ ಮೇಲೆ ಎಂಟು, ಹತ್ತು, ಹನ್ನೆರಡು ಗಂಟೆ ಒಂದೇ ಸಮನೆ ವಿದ್ಯುತ್ ಕೊಡುವವರು ಯಾರು ಅನ್ನುವ ಪ್ರಶ್ನೆ ಬಂದಾಗ ಸೌರ ಶಾಖ ಇಂದಿಗೂ ಗಂಭೀರವಾದ ಉತ್ತರ. ಎಲ್ಲ ಬಿಸಿಲಿನ ದೇಶಗಳಿಗೂ ಅಲ್ಲ. ಆಕಾಶ ತಿಳಿಯಾಗಿರುವ ಒಣ ಪ್ರದೇಶಗಳಿಗೆ.

ಈ ತಂತ್ರದ ಎಲ್ಲ ಏಳುಬೀಳುಗಳ ಹಿಂದೆ ಒಂದೇ ಮಾತಿದೆ. ಇಲ್ಲಿ ಬಿಸಿಲನ್ನು ಹಿಡಿಯುವುದು ದುಬಾರಿ, ಹಿಡಿದದ್ದನ್ನು ಇಟ್ಟುಕೊಳ್ಳುವುದು ಅಗ್ಗ. ಪ್ಯಾನೆಲ್ ಮತ್ತು ಬ್ಯಾಟರಿಯ ಜೋಡಿ ಇದಕ್ಕೆ ಸರಿಯಾಗಿ ತಲೆಕೆಳಗು. ಅಲ್ಲಿ ಹಿಡಿಯುವುದು ಅಗ್ಗ, ಇಟ್ಟುಕೊಳ್ಳುವುದು ದುಬಾರಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯಾವ ಸ್ಥಾವರ ಯಾಕೆ ನಿಂತಿತು, ಯಾವುದು ಯಾಕೆ ಸೋತಿತು ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಸೌರ ಶಾಖ ಸ್ಥಾವರದ ಅರ್ಧ ಭಾಗ ಕಲ್ಲಿದ್ದಲು ಸ್ಥಾವರವೇ. ಹಬೆ, ಟರ್ಬೈನ್, ಜನರೇಟರ್, ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್, ಎಲ್ಲ ಹಾಗೇ ಇರುತ್ತದೆ. ಬೆಂಕಿಯ ಜಾಗದಲ್ಲಿ ಮಾತ್ರ ಕನ್ನಡಿ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಎರಡು ಬಗೆ. ಮೊದಲನೆಯದು ಉದ್ದನೆಯ ತೊಟ್ಟಿಯಂತೆ ಬಾಗಿದ ಕನ್ನಡಿಗಳ ಸಾಲು. ಅದರ ನಡುವೆ ಉದ್ದಕ್ಕೂ ಒಂದು ಕೊಳವೆ, ಕೊಳವೆಯೊಳಗೆ ಎಣ್ಣೆ. ಬಿಸಿಲು ಸುಮಾರು ಎಂಬತ್ತು ಪಟ್ಟು ಒತ್ತೊತ್ತಾಗಿ ಆ ಕೊಳವೆಯ ಮೇಲೆ ಬೀಳುತ್ತದೆ. ಎಣ್ಣೆ 390 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ, ಎಣ್ಣೆ ಒಡೆದುಹೋಗುತ್ತದೆ.

ಎರಡನೆಯದು ಗೋಪುರ. ಸುತ್ತ ಸಾವಿರಾರು ಕನ್ನಡಿಗಳು, ನಡುವೆ ಎತ್ತರದ ಕಂಬ, ಅದರ ತುದಿಯಲ್ಲಿ ಶಾಖ ಹೀರುವ ಕೊಳವೆಗಳ ಪೆಟ್ಟಿಗೆ. ಪ್ರತಿ ಕನ್ನಡಿಗೂ ಅದರದೇ ಮೋಟರ್ ಇರುತ್ತದೆ. ಸೂರ್ಯ ಸರಿದಂತೆ ಅದೂ ತಿರುಗಿ ಬೆಳಕನ್ನು ಕಂಬದ ತುದಿಗೇ ಹೊಡೆಯಬೇಕು. ಇಂಥ ಕನ್ನಡಿಗೆ ಹೆಲಿಯೋಸ್ಟಾಟ್ ಎನ್ನುತ್ತಾರೆ. ಗೋಪುರದಲ್ಲಿ 565 ಡಿಗ್ರಿಯವರೆಗೂ ಹೋಗಬಹುದು. ಇದಲ್ಲದೆ ಚಪ್ಪಟೆ ಕನ್ನಡಿ ಪಟ್ಟಿಗಳನ್ನು ಬಳಸುವ ಫ್ರೆನೆಲ್ ಬಗೆ ಇದೆ, ದೊಡ್ಡ ಡಿಶ್‌ಗಳ ಬಗೆಯೂ ಇದೆ. ಅವು ಜಾಸ್ತಿ ಹಬ್ಬಿಲ್ಲ.

ಹೆಚ್ಚಿನ ಬಿಸಿ ಯಾಕೆ ಮುಖ್ಯ? ಶಾಖ ಎಷ್ಟು ಬಿಸಿಯೋ ಅಷ್ಟು ಹೆಚ್ಚು ಪಾಲು ವಿದ್ಯುತ್ ಆಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಉಪ್ಪಿನ ಟ್ಯಾಂಕ್‌ನಲ್ಲಿದೆ.

ಇದು ಅಡುಗೆ ಉಪ್ಪಲ್ಲ. 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದ್ದು. ಸುಮಾರು 240 ಡಿಗ್ರಿಗೆ ಪೂರ್ತಿ ಕರಗಿ ನೀರಿನ ಹಾಗೆ ಹರಿಯುತ್ತದೆ. ಸ್ಥಾವರದಲ್ಲಿ ಎರಡು ಟ್ಯಾಂಕ್‌ಗಳಿರುತ್ತವೆ. ಒಂದರಲ್ಲಿ 290 ಡಿಗ್ರಿಯ ‘ತಣ್ಣನೆ’ ಉಪ್ಪು, ಇನ್ನೊಂದರಲ್ಲಿ ಬಿಸಿ ಉಪ್ಪು. ಹಗಲಿಡೀ ತಣ್ಣನೆ ಟ್ಯಾಂಕ್‌ನಿಂದ ಉಪ್ಪನ್ನು ಮೇಲೆತ್ತಿ, ಕಾಯಿಸಿ, ಬಿಸಿ ಟ್ಯಾಂಕ್‌ಗೆ ತುಂಬುತ್ತಾರೆ. ಬೇಕಾದಾಗ ಅದನ್ನು ಹರಿಸಿ ಹಬೆ ಎಬ್ಬಿಸುತ್ತಾರೆ. ದೊಡ್ಡ ಟ್ಯಾಂಕ್ ಒಂದು ದಿನಕ್ಕೆ ಕಳೆದುಕೊಳ್ಳುವುದು ಒಂದೆರಡು ಡಿಗ್ರಿ, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಒಂದು ಟನ್ ಉಪ್ಪನ್ನು 290ರಿಂದ 565 ಡಿಗ್ರಿಗೆ ಕಾಯಿಸಿದರೆ ಅದರಲ್ಲಿ ಸುಮಾರು 115 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಸೇರುತ್ತದೆ. ಟರ್ಬೈನ್ ದಾಟಿ ಬರುವಾಗ ಅದರಲ್ಲಿ 40 ಯೂನಿಟ್‌ನಷ್ಟು ವಿದ್ಯುತ್ ಸಿಗುತ್ತದೆ. ಈಗ ತೊಟ್ಟಿ ಬಗೆಯನ್ನು ನೋಡಿ. ಸ್ಪೇನ್‌ನ ಗ್ರನಾಡಾ ಪ್ರಾಂತ್ಯದಲ್ಲಿರುವ ಆಂಡಸೋಲ್-1 ಸ್ಥಾವರದಲ್ಲಿ 28,500 ಟನ್ ಉಪ್ಪಿದೆ. ಎಣ್ಣೆಯ ಮಿತಿಯಿಂದಾಗಿ ಅಲ್ಲಿ ಉಪ್ಪು 390 ಡಿಗ್ರಿಯೊಳಗೇ ನಿಲ್ಲಬೇಕು. ಅಷ್ಟೂ ಉಪ್ಪಿನಲ್ಲಿ ಕೂಡುವುದು ಸುಮಾರು 10 ಲಕ್ಷ ಯೂನಿಟ್ ಶಾಖ. ಅಂದರೆ ಟನ್‌ಗೆ 35 ಯೂನಿಟ್. ಗೋಪುರದಲ್ಲಿ ಇದೇ ಉಪ್ಪು ಮೂರು ಪಟ್ಟು ಶಾಖ ಹೊರುತ್ತದೆ. ಹೊಸ ಸ್ಥಾವರಗಳನ್ನು ಕಟ್ಟುವವರು ಗೋಪುರದ ಕಡೆ ಮತ್ತೆ ಮತ್ತೆ ವಾಲುವುದಕ್ಕೆ ಇದೇ ಕಾರಣ. ಗೋಪುರದ ತಲೆನೋವುಗಳೂ ಕಡಿಮೆ ಇಲ್ಲ, ಅವು ಮುಂದೆ ಬರುತ್ತವೆ.

ಇನ್ನು ನೀವು ಕೇಳಿದ ‘ಯಾಕೆ ಬಂದಿಲ್ಲ’. ನಲವತ್ತಲ್ಲ, ನೂರು ವರ್ಷಕ್ಕೂ ಹಳೆಯ ಕತೆ ಇದು. 1913ರಲ್ಲಿ ಈಜಿಪ್ಟ್‌ನ ಮಾದಿಯಲ್ಲಿ ಅಮೆರಿಕದ ಎಂಜಿನಿಯರ್ ಫ್ರಾಂಕ್ ಶೂಮನ್ ತೊಟ್ಟಿ ಕನ್ನಡಿಗಳನ್ನು ನಿಲ್ಲಿಸಿ, ಹಬೆ ಎಂಜಿನ್ ಓಡಿಸಿ, ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿದರು. ಇಂದಿನ ತೊಟ್ಟಿ ಸ್ಥಾವರದ ಮೂಲ ರೂಪ ಅದರಲ್ಲೇ ಇದೆ. ಮರುವರ್ಷವೇ ಮೊದಲನೆಯ ಮಹಾಯುದ್ಧ ಶುರುವಾಯಿತು, ಕೆಲಸ ನಿಂತಿತು. ಆಮೇಲೆ ಅಗ್ಗದ ಎಣ್ಣೆ ಬಂತು. ಯಾರಿಗೂ ಕನ್ನಡಿ ನೆನಪಾಗಲಿಲ್ಲ.

1970ರ ದಶಕದ ಎಣ್ಣೆ ಬಿಕ್ಕಟ್ಟಿನ ನಂತರ ಮತ್ತೆ ನೆನಪಾಯಿತು. ಲುಜ್ ಅನ್ನುವ ಕಂಪನಿ 1984ರಿಂದ 1990ರವರೆಗೆ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಒಂಬತ್ತು ಸ್ಥಾವರ ಕಟ್ಟಿತು. ಒಟ್ಟು 354 ಮೆಗಾವ್ಯಾಟ್. ಅನಿಲದ ಬೆಲೆ ಇಳಿದು, ತೆರಿಗೆ ರಿಯಾಯಿತಿ ಕೈಬಿಟ್ಟಾಗ 1991ರಲ್ಲಿ ಕಂಪನಿ ದಿವಾಳಿಯಾಯಿತು. ಸ್ಥಾವರಗಳು ಮಾತ್ರ ಓಡುತ್ತಲೇ ಇದ್ದವು. ಕೆಲವು ಮೂರು ದಶಕ ಓಡಿದವು. ಕಟ್ಟಿದ ಕಂಪನಿ ಮುಳುಗಿದ್ದು ಯಂತ್ರ ಕೆಟ್ಟು ಅಲ್ಲ ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಈ ತಂತ್ರದ ಆರಂಭದ ದಿನಗಳನ್ನು ಜನ ಸುಮ್ನೆ ‘ವಿಫಲ’ ಎಂದು ಬರೆದು ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ.

ಮೂರನೆಯ ಅಲೆ ಸ್ಪೇನ್‌ನಲ್ಲಿ ಎದ್ದಿತು. ಸರ್ಕಾರ ಒಳ್ಳೆಯ ಖರೀದಿ ದರ ಗೊತ್ತುಮಾಡಿತು. 2007ರಿಂದ 2013ರೊಳಗೆ ಸುಮಾರು 2,300 ಮೆಗಾವ್ಯಾಟ್ ಎದ್ದು ನಿಂತಿತು. ಸೆವಿಲ್ ಬಳಿಯ ಪಿಎಸ್-10 ಗೋಪುರ, ಆಮೇಲೆ ಆಂಡಸೋಲ್, 2011ರಲ್ಲಿ ಹೆಮಸೋಲಾರ್. ಈ ಹೆಮಸೋಲಾರ್ ಚಿಕ್ಕ ಸ್ಥಾವರ, ಇಪ್ಪತ್ತು ಮೆಗಾವ್ಯಾಟ್‌ಗೂ ತುಸು ಕಡಿಮೆ. ಆದರೆ ಹದಿನೈದು ಗಂಟೆಯ ಉಪ್ಪಿನ ದಾಸ್ತಾನು ಇಟ್ಟುಕೊಂಡು, ಬೇಸಿಗೆಯಲ್ಲಿ ಹಗಲೂ ರಾತ್ರಿ ಬಿಡದೆ ಓಡಿ ತೋರಿಸಿತು. ಬಿಸಿಲಿನಿಂದ ನಡುರಾತ್ರಿಯ ವಿದ್ಯುತ್ ಸಾಧ್ಯ ಅನ್ನುವುದು ಅಲ್ಲಿಗೆ ಸಾಬೀತಾಯಿತು. ಅಷ್ಟರಲ್ಲಿ ಸ್ಪೇನ್ ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕಿತು. ಹೊಸ ಸ್ಥಾವರಗಳಿಗೆ ಬೆಂಬಲ ನಿಂತಿತು.

ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಘಟಿಸುತ್ತಿತ್ತು. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಐರೀನಾದ ಲೆಕ್ಕದಂತೆ 2010ರಲ್ಲಿ ಹೊಸ ಪ್ಯಾನೆಲ್ ಸ್ಥಾವರದ ಒಂದು ಯೂನಿಟ್‌ಗೆ ಸರಾಸರಿ 46 ಅಮೆರಿಕನ್ ಸೆಂಟ್ ಬೀಳುತ್ತಿತ್ತು. ಸೌರ ಶಾಖಕ್ಕೆ 39 ಸೆಂಟ್. ಹೌದು, ಆಗ ಶಾಖವೇ ಅಗ್ಗ! 2023ಕ್ಕೆ ಶಾಖದ ಯೂನಿಟ್ ಸುಮಾರು 12 ಸೆಂಟ್‌ಗೆ ಇಳಿಯಿತು. ಯಾವ ತಂತ್ರಕ್ಕಾದರೂ ಇದು ಹೆಮ್ಮೆಪಡುವ ಇಳಿಕೆ. ಆದರೆ ಪ್ಯಾನೆಲ್ 4.4 ಸೆಂಟ್‌ಗೆ ಬಂದು ನಿಂತಿತ್ತು. ಪ್ಯಾನೆಲ್ ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ತಯಾರಾಗುವ ಸಾಮಾನು. ಪ್ರತಿ ವರ್ಷ ಅದನ್ನು ಇನ್ನಷ್ಟು ಅಗ್ಗ ಮಾಡುವುದನ್ನು ಕಲಿಯುತ್ತಾರೆ. ಸೌರ ಶಾಖ ಸ್ಥಾವರ ಹಾಗಲ್ಲ. ಅದೊಂದು ದೊಡ್ಡ ಕಟ್ಟಡ ಕಾಮಗಾರಿ. ಅಡಿಪಾಯ, ವೆಲ್ಡಿಂಗ್, ಪಂಪ್, ಟರ್ಬೈನ್, ಎಲ್ಲ ಆ ಜಾಗದಲ್ಲೇ ಜೋಡಿಸಬೇಕು. ನೂರು ಮೆಗಾವ್ಯಾಟ್‌ಗಿಂತ ಚಿಕ್ಕದು ಕಟ್ಟಿದರೆ ಸಾಮಾನ್ಯವಾಗಿ ಗಿಟ್ಟುವುದಿಲ್ಲ. ಒಂದರಲ್ಲಿ ಕಲಿತ ಪಾಠ ಇನ್ನೊಂದಕ್ಕೆ ದಾಟಲು ಐದಾರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ತಂಡವೇ ಚದುರಿಹೋಗಿರುತ್ತದೆ. 2022ರಲ್ಲಿ ಜಗತ್ತಿನ ಪ್ಯಾನೆಲ್‌ಗಳು 1,000 ಗಿಗಾವ್ಯಾಟ್ ದಾಟಿದವು. ಸೌರ ಶಾಖ ಇನ್ನೂ ಏಳರ ಆಸುಪಾಸಿನಲ್ಲಿತ್ತು.

ಹಾಗಾದರೆ ಮುಗಿದ ಕತೆ ಅಲ್ವಾ? ಅಲ್ಲ. ಮೇಲಿನ ಎರಡು ಬೆಲೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದೇ ತಪ್ಪು. ಪ್ಯಾನೆಲ್‌ನ 4.4 ಸೆಂಟ್ ಬಿಸಿಲಿರುವಾಗಿನ ಬೆಲೆ. ರಾತ್ರಿ ಒಂಬತ್ತಕ್ಕೆ ಅದೇ ಯೂನಿಟ್ ಬೇಕೆಂದರೆ ಬ್ಯಾಟರಿಯ ಖರ್ಚು ಸೇರಿಸಬೇಕು. ಹೋಲಿಕೆ ನಡೆಯಬೇಕಾದದ್ದು ರಾತ್ರಿಯ ಯೂನಿಟ್ ಮತ್ತು ರಾತ್ರಿಯ ಯೂನಿಟ್ ನಡುವೆ.

ಉಪ್ಪು ಮತ್ತು ಟ್ಯಾಂಕ್‌ಗಳ ಖರ್ಚು ಒಂದು ಯೂನಿಟ್ ಶಾಖ ಕೂಡಿಡಲು ಸುಮಾರು 20ರಿಂದ 30 ಡಾಲರ್. ವಿದ್ಯುತ್ತಿನ ಲೆಕ್ಕಕ್ಕೆ ತಿರುಗಿಸಿದರೆ 50ರಿಂದ 75 ಡಾಲರ್. ಲಿಥಿಯಂ ಬ್ಯಾಟರಿ ಪ್ಯಾಕ್‌ನ ಸರಾಸರಿ ಬೆಲೆ 2024ರಲ್ಲಿ ಯೂನಿಟ್‌ಗೆ 115 ಡಾಲರ್ ಇತ್ತು. ಹತ್ತು ವರ್ಷದ ಹಿಂದೆ ಇದರ ಹಲವು ಪಟ್ಟು ಇತ್ತು. ಅಂತರ ಕಡಿಮೆಯಾಗುತ್ತಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಉಪ್ಪು ಸವೆಯುವುದಿಲ್ಲ. ಸ್ಥಾವರದ ಆಯಸ್ಸು ಪೂರ್ತಿ, ಮೂವತ್ತು ವರ್ಷ, ಅದೇ ಉಪ್ಪು ಹರಿಯುತ್ತದೆ. ಬ್ಯಾಟರಿಯನ್ನು ನಡುವೆ ಬದಲಿಸಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಸೌರ ಶಾಖದ ಅಭಿಮಾನಿಗಳು ಹೇಳದೆ ಬಿಡುತ್ತಾರೆ. ಟ್ಯಾಂಕ್ ಅಗ್ಗ, ನಿಜ. ಟ್ಯಾಂಕ್ ತುಂಬಿಸಲು ಹೆಚ್ಚುವರಿ ಕನ್ನಡಿ ಬೇಕಲ್ಲ! ಹಗಲಿಗೆ ಮಾತ್ರ ಓಡುವ 100 ಮೆಗಾವ್ಯಾಟ್ ಸ್ಥಾವರಕ್ಕೆ ಒಂದು ಪಾಲು ಕನ್ನಡಿ ಸಾಕು. ರಾತ್ರಿ ಹತ್ತು ಗಂಟೆ ಓಡಬೇಕಾದರೆ ಎರಡೂವರೆ ಪಾಲು ಬೇಕು. ಇಡೀ ಸ್ಥಾವರದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡ್ಡು ತಿನ್ನುವುದು ಆ ಕನ್ನಡಿ ಹೊಲವೇ. ಇದೆಲ್ಲ ಕೂಡಿಸಿ ಕಳೆದರೆ ನನ್ನ ಅಂದಾಜು ಹೀಗಿದೆ: ಸಂಜೆಯ ಮೂರು ನಾಲ್ಕು ಗಂಟೆ ದಾಟಿಸಲು ಪ್ಯಾನೆಲ್ ಮತ್ತು ಬ್ಯಾಟರಿ ಸಾಕು. ರಾತ್ರಿ ಇಡೀ, ಹತ್ತು ಗಂಟೆ ಮೀರಿ ಬೇಕಾದಾಗ ಉಪ್ಪಿಗೆ ಇನ್ನೂ ಜಾಗವಿದೆ. ಈ ನಡುವಿನ ಗೆರೆ ವರ್ಷ ವರ್ಷವೂ ಉಪ್ಪಿನ ಕಡೆಗೆ ಸರಿಯುತ್ತಿದೆ.

ಆ ಜಾಗ ಸಿಗುವುದು ವಿದ್ಯುತ್ ಕೊಳ್ಳುವವರು ರಾತ್ರಿಗೆ ಬೇರೆ ಬೆಲೆ ಕೊಟ್ಟಾಗ ಮಾತ್ರ. ದಕ್ಷಿಣ ಆಫ್ರಿಕಾ ಇದನ್ನು ಚೆನ್ನಾಗಿ ತೋರಿಸಿತು. ಅಲ್ಲಿನ ಟೆಂಡರ್‌ನ ಮೂರನೆಯ ಸುತ್ತಿನಲ್ಲಿ ಸಂಜೆ ನಾಲ್ಕೂವರೆಯಿಂದ ಒಂಬತ್ತೂವರೆವರೆಗೆ ಕೊಟ್ಟ ಯೂನಿಟ್‌ಗೆ ಮೂಲ ದರದ 2.7 ಪಟ್ಟು ನಿಗದಿ ಮಾಡಿದರು. ನಡುರಾತ್ರಿಯ ಯೂನಿಟ್‌ಗೆ ಏನೂ ಇಲ್ಲ. ಸ್ಥಾವರಗಳು ಅದಕ್ಕೆ ತಕ್ಕಂತೆಯೇ ರೂಪುಗೊಂಡವು. ಎಂಜಿನಿಯರ್‌ಗಳು ಬೆಲೆಯ ಪಟ್ಟಿ ನೋಡಿಕೊಂಡೇ ಟ್ಯಾಂಕ್‌ನ ಗಾತ್ರ ನಿರ್ಧರಿಸುತ್ತಾರೆ. ದುಬೈ ಇನ್ನೂ ಮುಂದೆ ಹೋಯಿತು. ಅಲ್ಲಿನ ಮೊಹಮ್ಮದ್ ಬಿನ್ ರಶೀದ್ ಸೋಲಾರ್ ಪಾರ್ಕ್‌ನ ನಾಲ್ಕನೆಯ ಹಂತದಲ್ಲಿ 700 ಮೆಗಾವ್ಯಾಟ್ ಸೌರ ಶಾಖ ಮತ್ತು 250 ಮೆಗಾವ್ಯಾಟ್ ಪ್ಯಾನೆಲ್ ಒಟ್ಟಿಗೆ ಇವೆ. 262 ಮೀಟರ್ ಎತ್ತರದ ಗೋಪುರ, 35 ವರ್ಷದ ಖರೀದಿ ಒಪ್ಪಂದ, ಸೌರ ಶಾಖಕ್ಕೆ ಯೂನಿಟ್‌ಗೆ 7.3 ಸೆಂಟ್. ಹಗಲು ಪ್ಯಾನೆಲ್, ರಾತ್ರಿ ಉಪ್ಪು. ಪ್ರತಿಸ್ಪರ್ಧಿಗಳಂತೆ ಅಲ್ಲ, ಪಾಳಿ ಹಂಚಿಕೊಂಡ ಇಬ್ಬರು ಕೆಲಸಗಾರರಂತೆ. ಮೊರಾಕೊದ ಉವರ್‌ಜಜಾತ್‌ನಲ್ಲಿ ಕೂಡ ಮೂರು ಸೌರ ಶಾಖ ಘಟಕಗಳ ಜೊತೆಗೆ ನಾಲ್ಕನೆಯದಾಗಿ ಬಂದದ್ದು ಪ್ಯಾನೆಲ್. ಚೀನಾ ಈಗ ದೊಡ್ಡ ಗಾಳಿ ಮತ್ತು ಪ್ಯಾನೆಲ್ ಕೇಂದ್ರಗಳ ನಡುವೆಯೇ ಉಪ್ಪಿನ ಗೋಪುರಗಳನ್ನು ಸೇರಿಸಿ ಕಟ್ಟುತ್ತಿದೆ. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ.

ಈಗ ‘ಬಿಸಿಲಿನ ದೇಶ’ ಅನ್ನುವ ಮಾತಿಗೆ ಬರೋಣ. ಇಲ್ಲೇ ಅತಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಮಗುವಿಗೆ ಇದು ಗೊತ್ತಿರುತ್ತದೆ. ತೆಳುಮೋಡ ಬಂದರೆ ಬೆಳಕು ಎಷ್ಟೇ ಇದ್ದರೂ ಕಾಗದ ಹೊತ್ತುವುದಿಲ್ಲ. ಕನ್ನಡಿಗೆ ಬೇಕಾದದ್ದು ಸೂರ್ಯನಿಂದ ನೇರವಾಗಿ ಬರುವ ಕಿರಣ. ಮೋಡ, ಧೂಳು, ತೇವದಲ್ಲಿ ಚದುರಿ ಆಕಾಶದ ತುಂಬ ಹರಡಿದ ಬೆಳಕನ್ನು ಕನ್ನಡಿ ಒಂದೆಡೆ ಸೇರಿಸಲಾರದು. ಪ್ಯಾನೆಲ್ ಆ ಚದುರಿದ ಬೆಳಕನ್ನೂ ಬಳಸಿಕೊಳ್ಳುತ್ತದೆ. ಹಾಗಾಗಿ ಸಮಭಾಜಕದ ಸುತ್ತಲಿನ ಸೆಕೆಯ, ತೇವದ ದೇಶಗಳು ಮೈ ಸುಡುವಷ್ಟು ಬಿಸಿಯಾಗಿದ್ದರೂ ಕನ್ನಡಿಗೆ ಒಗ್ಗುವುದಿಲ್ಲ. ಚದರ ಮೀಟರ್‌ಗೆ ವರ್ಷಕ್ಕೆ 2,000 ಯೂನಿಟ್ ನೇರ ಬಿಸಿಲು ಬಿದ್ದರೆ ಮಾತ್ರ ಮುಂದಿನ ಮಾತು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಇದು 3,000 ದಾಟುತ್ತದೆ. ಅಲ್ಲಿನ ಸೆರ್ರೊ ಡೊಮಿನಡೋರ್ ಗೋಪುರ 110 ಮೆಗಾವ್ಯಾಟ್‌ನದು, ಹದಿನೇಳೂವರೆ ಗಂಟೆಯ ದಾಸ್ತಾನು. ಅಂಥ ಆಕಾಶ ಎಲ್ಲರಿಗೂ ಇಲ್ಲ.

ಮೋಡಕ್ಕಿಂತ ಮೋಸ ಮಾಡುವುದು ಮಬ್ಬು. ಮೋಡ ಕಣ್ಣಿಗೆ ಕಾಣುತ್ತದೆ. ಗಾಳಿಯಲ್ಲಿ ತೇಲುವ ಸಣ್ಣ ಧೂಳು, ಹೊಗೆ ಕಾಣುವುದಿಲ್ಲ, ಸದ್ದಿಲ್ಲದೆ ನೇರ ಬಿಸಿಲನ್ನು ತಿಂದುಹಾಕುತ್ತದೆ. ಭಾರತ ತನ್ನ ಸೌರ ಮಿಷನ್‌ನಲ್ಲಿ 2010ರಲ್ಲಿ 470 ಮೆಗಾವ್ಯಾಟ್ ಸೌರ ಶಾಖ ಯೋಜನೆಗಳನ್ನು ಹಂಚಿತ್ತು. ಪೂರ್ತಿಯಾದದ್ದು ಅದರ ಅರ್ಧಕ್ಕೂ ಕಡಿಮೆ. ಉಪಗ್ರಹದ ಲೆಕ್ಕದಲ್ಲಿ ಕಂಡಷ್ಟು ನೇರ ಬಿಸಿಲು ನೆಲದ ಮೇಲೆ ಅಳೆದಾಗ ಸಿಗದೇ ಹೋದದ್ದು ಅದಕ್ಕೆ ಒಂದು ಕಾರಣ. ಒಂದು ಜಾಗದಲ್ಲಿ ಕನಿಷ್ಠ ಒಂದು ವರ್ಷ ಉಪಕರಣ ಇಟ್ಟು ಅಳೆಯದೆ ಯಾರಾದರೂ ಸೌರ ಶಾಖ ಸ್ಥಾವರದ ಮಾತಾಡಿದರೆ ನಾನು ನಂಬುವುದಿಲ್ಲ.

ಒಣ ಪ್ರದೇಶ ಅಂದಮೇಲೆ ನೀರಿನ ಪ್ರಶ್ನೆ ಏಳುತ್ತದೆ. ಹಬೆಯನ್ನು ನೀರಿನಿಂದ ತಣಿಸಿದರೆ ಒಂದು ಸಾವಿರ ಯೂನಿಟ್‌ಗೆ ಸುಮಾರು 3,000 ಲೀಟರ್ ಹೋಗುತ್ತದೆ. ಮರುಭೂಮಿಯಲ್ಲಿ ಅದು ಆಗದ ಮಾತು. ಬದಲಿಗೆ ದೊಡ್ಡ ಫ್ಯಾನ್‌ಗಳಿಂದ ಗಾಳಿ ಹಾಯಿಸಿ ತಣಿಸಬಹುದು. ಆಗ ನೀರಿನ ಖರ್ಚು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಡು ಮಧ್ಯಾಹ್ನ ಉತ್ಪಾದನೆ ತುಸು ತಗ್ಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕನ್ನಡಿ ತೊಳೆಯಲು ಒಂದಿಷ್ಟು ನೀರು ಹೇಗೂ ಬೇಕು. ಈ ತೊಳೆಯುವ ಕೆಲಸವನ್ನು ಹೊರಗಿನವರು ಹಗುರವಾಗಿ ಕಾಣುತ್ತಾರೆ. ಧೂಳು ಕೂತ ಪ್ಯಾನೆಲ್‌ಗೂ ಕನ್ನಡಿಗೂ ವ್ಯತ್ಯಾಸವಿದೆ. ಪ್ಯಾನೆಲ್‌ನ ಮೇಲಿನ ಧೂಳು ಚದುರಿಸಿದ ಬೆಳಕಿನಲ್ಲಿ ಒಂದು ಪಾಲು ಕೆಳಗೇ ಇಳಿದು ಕೆಲಸಕ್ಕೆ ಬರುತ್ತದೆ. ಕನ್ನಡಿಯಿಂದ ಚದುರಿದದ್ದು ಗುರಿ ತಪ್ಪಿ ಹೋಗುತ್ತದೆ. ಹೀಗಾಗಿ ಇಲ್ಲಿ ತೊಳೆಯುವ ಗಾಡಿಯ ಡ್ರೈವರ್ ಟರ್ಬೈನ್ ಎಂಜಿನಿಯರ್‌ನಷ್ಟೇ ಮುಖ್ಯ ಮನುಷ್ಯ.

ಸೋಲುಗಳ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ನೀವು ಓದುವ ಟೀಕೆಗಳಲ್ಲಿ ಬಹುಪಾಲು ಎರಡು ಅಮೆರಿಕನ್ ಸ್ಥಾವರಗಳದ್ದೇ. ಒಂದು ಕ್ಯಾಲಿಫೋರ್ನಿಯಾದ ಐವನ್‌ಪಾ. 2014ರಲ್ಲಿ ಶುರುವಾಯಿತು. ಮೂರು ಗೋಪುರ, ಒಂದೂಮುಕ್ಕಾಲು ಲಕ್ಷದ ಹತ್ತಿರ ಹೆಲಿಯೋಸ್ಟಾಟ್, 2.2 ಬಿಲಿಯನ್ ಡಾಲರ್ ಖರ್ಚು. ಆದರೆ ಅದರಲ್ಲಿ ಉಪ್ಪಿನ ಟ್ಯಾಂಕ್ ಇಲ್ಲ! ಗೋಪುರದ ತುದಿಯಲ್ಲಿ ನೇರವಾಗಿ ಹಬೆ ಮಾಡಿ ಆಗಲೇ ಬಳಸಿಬಿಡುತ್ತದೆ. ದುಬಾರಿಯಾಗಿ ಹಿಡಿದ ಶಾಖವನ್ನು ಪ್ಯಾನೆಲ್ ಕೂಡ ದುಡಿಯುವ ಹೊತ್ತಿನಲ್ಲೇ ಮಾರಬೇಕು. ತನ್ನ ಒಂದೇ ಒಂದು ಬಲವನ್ನು ಬಿಟ್ಟುಕೊಟ್ಟು ಕಣಕ್ಕಿಳಿದ ಹಾಗೆ. ಅದರ ಕನ್ನಡಿಗಳ ಬೆಳಕಿಗೆ ಸಿಕ್ಕಿ ಹಕ್ಕಿಗಳು ಸುಟ್ಟು ಸತ್ತದ್ದೂ ನಿಜ, ನೋವಿನ ಸಂಗತಿ. 2025ರ ಜನವರಿಯಲ್ಲಿ ಅದರ ವಿದ್ಯುತ್ ಕೊಳ್ಳುತ್ತಿದ್ದ ದೊಡ್ಡ ಕಂಪನಿ ಒಪ್ಪಂದವನ್ನು ಅವಧಿಗೆ ಮುಂಚೆಯೇ ಮುಗಿಸುವುದಾಗಿ ಹೇಳಿತು.

ಇನ್ನೊಂದು ನೆವಾಡಾದ ಕ್ರೆಸೆಂಟ್ ಡ್ಯೂನ್ಸ್. ಇದರ ಕಲ್ಪನೆ ಸರಿಯಾಗಿತ್ತು. 110 ಮೆಗಾವ್ಯಾಟ್, ಹತ್ತು ಗಂಟೆಯ ಉಪ್ಪು. ಆದರೆ 2016ರಲ್ಲಿ ಬಿಸಿ ಟ್ಯಾಂಕ್ ಸೋರಿತು, ತಿಂಗಳುಗಟ್ಟಲೆ ನಿಂತಿತು. 2019ರಲ್ಲಿ ಮತ್ತೆ ನಿಂತಿತು, ಮರುವರ್ಷ ದಿವಾಳಿ ಅರ್ಜಿ. ಮೊರಾಕೊದ ನೂರ್-3 ಗೋಪುರದ ಉಪ್ಪಿನ ಟ್ಯಾಂಕ್ ಕೂಡ 2024ರಲ್ಲಿ ಸೋರಿ ಸ್ಥಾವರವನ್ನು ತಿಂಗಳುಗಟ್ಟಲೆ ನಿಲ್ಲಿಸಿತು. ಇವು ಮೂಲ ತತ್ವದ ಸೋಲಲ್ಲ. ಆದರೆ ಹಗುರವಾಗಿ ತೆಗೆದುಕೊಳ್ಳುವಂಥದ್ದೂ ಅಲ್ಲ. ನಲವತ್ತು ಮೀಟರ್ ಅಗಲದ ಉಕ್ಕಿನ ಟ್ಯಾಂಕ್ 565 ಡಿಗ್ರಿಗೆ ಕಾದಾಗ ತಳ ಹಿಗ್ಗುತ್ತದೆ. ಮೇಲಿನಿಂದ ಸಾವಿರಾರು ಟನ್ ಭಾರ ಒತ್ತುತ್ತಿರುತ್ತದೆ. ತಳ ಅಡಿಪಾಯದ ಮೇಲೆ ಸರಾಗವಾಗಿ ಜಾರದಿದ್ದರೆ ವೆಲ್ಡಿಂಗ್ ಬಿರಿಯುತ್ತದೆ. ಕಾಯಿಸುವಾಗ, ತಣಿಸುವಾಗ ಅವಸರ ಮಾಡಿದರೆ ಇನ್ನೂ ಬೇಗ. ಸೋರಿದರೆ ರಿಪೇರಿಗೆ ಮುಂಚೆ ಇಡೀ ಟ್ಯಾಂಕ್ ಖಾಲಿ ಮಾಡಿ, ವಾರಗಟ್ಟಲೆ ತಣಿಸಿ, ಆಮೇಲೆ ಒಳಗಿಳಿಯಬೇಕು. ಒಂದೇ ಬಿಸಿ ಟ್ಯಾಂಕ್ ಇದ್ದರೆ ಸ್ಥಾವರವೇ ಮಲಗಿದಂತೆ. ಹಣ ಉಳಿಸಲು ಹೋಗಿ ಒಂದೇ ದೊಡ್ಡ ಟ್ಯಾಂಕ್ ಕಟ್ಟುವುದಕ್ಕಿಂತ ಎರಡು ಚಿಕ್ಕವು ಲೇಸು ಅನ್ನುವುದು ನನ್ನ ಅಭಿಪ್ರಾಯ.

ಕಲ್ಲಿದ್ದಲಿನ ಜಾಗ ತುಂಬಲು ಎಷ್ಟು ಕಟ್ಟಬೇಕು? ಒಂದು ಸಾವಿರ ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಚೆನ್ನಾಗಿ ಓಡಿದರೆ ವರ್ಷಕ್ಕೆ 700 ಕೋಟಿ ಯೂನಿಟ್ ಕೊಡುತ್ತದೆ. 150 ಮೆಗಾವ್ಯಾಟ್‌ನ ನೂರ್-3 ವರ್ಷಕ್ಕೆ ಸುಮಾರು 50 ಕೋಟಿ ಯೂನಿಟ್ ಕೊಡಲೆಂದು ಕಟ್ಟಿದ್ದು. ಅಂಥ ಹದಿನಾಲ್ಕು ಗೋಪುರ, ಎಂಬತ್ತು ಚದರ ಕಿಲೋಮೀಟರ್ ನೆಲ. ಮರುಭೂಮಿ ಇರುವ ದೇಶಕ್ಕೆ ಇದು ಅಸಾಧ್ಯವಲ್ಲ, ಆದರೆ ಯಾರೂ ಹೀಗೆ ಕಟ್ಟಬಾರದು. ಹಗಲಿನ ಪಾಲನ್ನು ಪ್ಯಾನೆಲ್‌ಗೆ ಬಿಟ್ಟರೆ ಗೋಪುರಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಮೂರು ನಾಲ್ಕು ದಿನ ಮೋಡ ಕವಿದರೆ ಯಾವ ಉಪ್ಪಿನ ಟ್ಯಾಂಕ್ ಕೂಡ ಸಾಲುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ಕೆಳಗಿರುವಾಗ ತೊಟ್ಟಿ ಕನ್ನಡಿಗಳ ಫಸಲು ಬೇಸಿಗೆಯದರ ಮೂರನೇ ಒಂದಕ್ಕೆ ಬೀಳುವ ಜಾಗಗಳಿವೆ. ಅಂಥ ದಿನಗಳಿಗೆ ಗಾಳಿ, ಜಲವಿದ್ಯುತ್, ದೂರದಿಂದ ಬರುವ ಲೈನ್, ಕೊನೆಗೆ ಸ್ವಲ್ಪ ಅನಿಲ ಬೇಕಾಗುತ್ತದೆ. ವರ್ಷದಲ್ಲಿ ಕೆಲವು ದಿನ ಅನಿಲ ಸುಡುವುದಕ್ಕೂ ವರ್ಷಪೂರ್ತಿ ಕಲ್ಲಿದ್ದಲು ಸುಡುವುದಕ್ಕೂ ಅಜಗಜಾಂತರ. ಕಟ್ಟುವುದರಿಂದ ಹಿಡಿದು ಕೆಡವುವವರೆಗೆ ಎಲ್ಲ ಸೇರಿಸಿದರೂ ಸೌರ ಶಾಖದ ಯೂನಿಟ್‌ಗೆ ಹೊರಬೀಳುವ ಇಂಗಾಲದ ಲೆಕ್ಕ 30 ಗ್ರಾಂ ಆಸುಪಾಸು. ಕಲ್ಲಿದ್ದಲಿನದು 800 ಗ್ರಾಂ ಮೇಲೆ.

ಪ್ಯಾನೆಲ್ ಮತ್ತು ಬ್ಯಾಟರಿಗೆ ಸುಲಭವಾಗಿ ಬರದ ಇನ್ನೊಂದು ಗುಣ ಇದಕ್ಕಿದೆ. ಇಲ್ಲಿ ಭಾರೀ ತೂಕದ ಟರ್ಬೈನ್ ಮತ್ತು ಜನರೇಟರ್ ನಿಜವಾಗಿ ಸುತ್ತುತ್ತಿರುತ್ತವೆ. ಗ್ರಿಡ್‌ನಲ್ಲಿ ಎಲ್ಲೋ ಒಂದು ಸ್ಥಾವರ ದಿಢೀರನೆ ಬಿದ್ದುಹೋದರೆ, ಈ ಸುತ್ತುವ ಭಾರವೇ ಮೊದಲ ಕೆಲವು ಸೆಕೆಂಡ್ ಗ್ರಿಡ್ ಅನ್ನು ಹಿಡಿದು ನಿಲ್ಲಿಸುತ್ತದೆ. ಕಲ್ಲಿದ್ದಲು ಸ್ಥಾವರಗಳು ಮುಚ್ಚುತ್ತಾ ಹೋದಂತೆ ಈ ಆಸರೆಯೂ ಹೋಗುತ್ತದೆ. ಸೌರ ಶಾಖ ಅದನ್ನು ಉಚಿತವಾಗಿ ಕೊಡುತ್ತದೆ. ಇದಕ್ಕೆ ಬೆಲೆ ಕಟ್ಟುವ ಪದ್ಧತಿ ಬಹಳ ಕಡೆ ಇನ್ನೂ ಬಂದಿಲ್ಲ.

ಈಗಿರುವ ಸ್ಥಾವರಗಳ ಜೊತೆಗೇ ಕನ್ನಡಿ ಜೋಡಿಸುವ ಪ್ರಯೋಗಗಳೂ ಆಗಿವೆ. ಅಲ್ಜೀರಿಯಾದ ಹಾಸಿ ರಮೆಲ್, ಈಜಿಪ್ಟ್‌ನ ಕುರೈಮಾತ್, ಮೊರಾಕೊದ ಐನ್ ಬೆನಿ ಮತಾರ್, ಮೂರರಲ್ಲೂ ಅನಿಲ ಸ್ಥಾವರದ ಹಬೆಗೆ ಕನ್ನಡಿಯ ಶಾಖ ಸೇರಿಸಿದ್ದಾರೆ. ಆದರೆ ಬಿಸಿಲಿನ ಪಾಲು ಇಪ್ಪತ್ತು ಮೆಗಾವ್ಯಾಟ್‌ನ ಸುತ್ತಮುತ್ತ. ಅದು ಅನಿಲ ಉಳಿಸುತ್ತದೆ, ಅನಿಲವನ್ನು ಬಿಡಿಸುವುದಿಲ್ಲ. ಅದನ್ನು ‘ಬದಲಿ’ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇನ್ನು ಉಪ್ಪು ಸೋರಿದರೆ ಏನಾಗುತ್ತದೆ ಅನ್ನುವ ನಿಮ್ಮ ಸಂಶಯ. ಆ ಎರಡೂ ನೈಟ್ರೇಟ್‌ಗಳು ಗೊಬ್ಬರವಾಗಿ ಬಳಕೆಯಲ್ಲಿರುವ ವಸ್ತುಗಳು. ಅವು ತಾವಾಗಿ ಉರಿಯುವುದಿಲ್ಲ. ಹೊರಗೆ ಚೆಲ್ಲಿದ ಕೂಡಲೇ ತಣ್ಣಗಾಗಿ ಗಟ್ಟಿಯಾಗುತ್ತವೆ, ದೂರ ಹರಿದುಹೋಗುವುದಿಲ್ಲ. ಗಟ್ಟಿಯಾದ ಉಪ್ಪನ್ನು ಒಡೆದು ಎತ್ತಿ ಮತ್ತೆ ಬಳಸಬಹುದು. ಆದರೆ ಬಿಸಿ ಉಪ್ಪು ಮೈಗೆ ತಗುಲಿದರೆ ಘೋರವಾದ ಸುಟ್ಟಗಾಯ ಖಚಿತ. ಅದು ಬೆಂಕಿಗೆ ಆಮ್ಲಜನಕ ಒದಗಿಸುವ ವಸ್ತುವೂ ಹೌದು, ಹಾಗಾಗಿ ಮರ, ಎಣ್ಣೆಯಂಥ ಸುಡುವ ಸಾಮಾನನ್ನು ಹತ್ತಿರ ಬಿಡುವುದಿಲ್ಲ. ಮಳೆಗೆ ಕರಗಿ ನೆಲದಡಿಯ ನೀರಿಗೆ ಇಳಿಯದಂತೆ ಬೇಗ ಎತ್ತಬೇಕು. ನನ್ನನ್ನು ಕೇಳಿದರೆ ಉಪ್ಪಿಗಿಂತ ಜಾಸ್ತಿ ಎಚ್ಚರ ಬೇಕಾದದ್ದು ತೊಟ್ಟಿ ಸ್ಥಾವರಗಳ ಎಣ್ಣೆಯ ಬಗ್ಗೆ. 1999ರಲ್ಲಿ ಮೊಹಾವಿಯ ಆ ಹಳೆಯ ಸ್ಥಾವರಗಳಲ್ಲಿ ಮೊದಲನೆಯದರ ಎಣ್ಣೆ ಟ್ಯಾಂಕ್ ಬೆಂಕಿಗೆ ಸಿಕ್ಕಿ ನಾಶವಾಯಿತು. ಶಾಖ ಕೂಡಿಡಲು ಉಪ್ಪನ್ನೇ ನೆಚ್ಚಿಕೊಂಡದ್ದಕ್ಕೆ ಅಗ್ಗದ ಬೆಲೆಯ ಜೊತೆಗೆ ಇದೂ ಒಂದು ಕಾರಣ.